ಕಪ್ಪು ಚೌಕದ ಮದುವೆ ಗಂಡು

2025ರ ಸೆಪ್ಟೆಂಬರ್ 8, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ನಂಜನಗೂಡಿನ ಠಾಣೆಗೆ ಬಂದ ದೂರಿನ ಸಾರಾಂಶ ಇಷ್ಟು: ದೂರುದಾರಳಿಗೆ ಮದುವೆಯಾಗಿದೆ. ಯಾರ ಜೊತೆ ಎಂದು ಅವಳಿಗೆ ಗೊತ್ತಿಲ್ಲ. ಗಂಡನನ್ನು ಪತ್ತೆ ಮಾಡಿಕೊಡಬೇಕು.

ಇನ್‌ಸ್ಪೆಕ್ಟರ್ ಮಹಾದೇವಸ್ವಾಮಿ ಅರ್ಜಿಯನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು. ಸೋಮವಾರವೆಂದರೆ ದೇವಸ್ಥಾನದ ಜನಜಂಗುಳಿ. ಕಂಡಕಂಡಲ್ಲಿ ಕಾರು ನಿಲ್ಲಿಸುವವರ ಜೊತೆ ಬೆಳಗಿನಿಂದ ಕೂಗಾಡಿ ಅವರ ಗಂಟಲು ಕಟ್ಟಿತ್ತು. ತಮಾಷೆ ಸಹಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

“ಏನಮ್ಮ ಇದು? ಮದುವೆಯಾಗಿರೋದು ನಿನಗೆ. ಗಂಡ ಯಾರು ಅಂತ ನಾನು ಹೇಳ್ಬೇಕಾ?”

“ನನಗೆ ಮದುವೆ ಆಗಿಲ್ಲ ಸರ್. ಆಗಿದೆ ಅಂತ ನ್ಯೂಜಿಲೆಂಡ್‌ನವರು ಹೇಳ್ತಿದ್ದಾರೆ.”

ಹುಡುಗಿಯ ಹೆಸರು ಪವಿತ್ರಾ. ಹದಿನಾರು ಎಂಬ ಹೆಸರಿನ ಗ್ರಾಮದವಳು, ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಈ ದೂರು ಹಿಡಿದು ಇದಕ್ಕೆ ಮೊದಲು ಎರಡು ಕಡೆ ಹೋಗಿ ಬಂದಿದ್ದಳು. ಒಂದು ಕಡೆ, ಇದು ಸೈಬರ್‌ನವರದು ಎಂದರು. ಇನ್ನೊಂದು ಕಡೆ, ಇದು ವಿದೇಶದ ವಿಷಯ, ದಿಲ್ಲಿಗೆ ಹೋಗಮ್ಮ ಎಂದರು. ಮಹಾದೇವಸ್ವಾಮಿಯವರಿಗೂ ಹಾಗೇ ಹೇಳಿ ಕೈತೊಳೆದುಕೊಳ್ಳುವ ಆಸೆಯಾಯಿತು. ಆದರೆ ಹುಡುಗಿ ಕುರ್ಚಿಯ ಎರಡೂ ತೋಳು ಬಿಗಿಯಾಗಿ ಹಿಡಿದು ಕೂತಿದ್ದಳು. ಎಬ್ಬಿಸಿದರೆ ಕುರ್ಚಿಯ ಸಮೇತ ಎಬ್ಬಿಸಬೇಕಾಗುತ್ತಿತ್ತು.

“ನೀನು ವೀಸಾ ಕೇಳಿದ್ದೆ, ಅವರು ಕೊಡ್ಲಿಲ್ಲ. ಅಷ್ಟೇ ತಾನೇ? ಇನ್ನೊಂದ್ಸಲ ಕೇಳಮ್ಮ.”

“ಹಂಗಲ್ಲ ಸರ್. ವೀಸಾದಲ್ಲಿ ಬೇರೆ ಬೇರೆ ಬಾಗಿಲಿವೆ. ಊರು ನೋಡ್ಕೊಂಡು ಬರಕ್ಕೆ ಒಂದು, ಓದಕ್ಕೆ ಒಂದು, ಕೆಲಸಕ್ಕೆ ಒಂದು, ಗಂಡನ ಜೊತೇಲೋ ಹೆಂಡತಿ ಜೊತೇಲೋ ಹೋಗಿ ಇರಕ್ಕೆ ಇನ್ನೊಂದು. ಒಂದು ಬಾಗಿಲಲ್ಲಿ ಹೋಗಿ ಇನ್ನೊಂದರ ಕೆಲಸ ಮಾಡಂಗಿಲ್ಲ. ನಾನು ಕೇಳಿದ್ದು ಕೆಲಸದ್ದು. ಅಲ್ಲಿ ಪರೀಕ್ಷೆ ಪಾಸಾಗಿದೆ, ವಯಸ್ಸಾದವರನ್ನ ನೋಡ್ಕೊಳ್ಳೋ ಆಸ್ಪತ್ರೆಯವರು ಬಾ ಅಂತಾನೂ ಕರೆದಿದ್ದಾರೆ. ಮದುವೆ ಆಗಿಲ್ಲ, ಹಿಂದೆ ಅರ್ಜಿ ಹಾಕಿಲ್ಲ ಅಂತ ಬರೆದೆ. ಅವರು ಹೇಳ್ತಾರೆ, ಎರಡು ವರ್ಷದ ಹಿಂದೆ ನೀನೇ ಅರ್ಜಿ ಹಾಕಿದ್ದೆ, ಜೊತೆಗೆ ಗಂಡನ ಹೆಸರೂ ಕೊಟ್ಟಿದ್ದೆ, ಈಗ ಎರಡನ್ನೂ ಮುಚ್ಚಿಟ್ಟಿದೀಯ ಅಂತ.”

“ಮುಚ್ಚಿಟ್ರೆ ಏನಾಗುತ್ತೆ?”

“ಸುಳ್ಳಿ ಅಂತ ಬರ್ಕೋತಾರೆ ಸರ್. ನಾಳೆ ಯಾವ ದೇಶಕ್ಕೆ ಅರ್ಜಿ ಹಾಕಿದ್ರೂ ಮೊದಲನೇ ಪ್ರಶ್ನೆ, ಎಲ್ಲಾದ್ರೂ ತಿರಸ್ಕಾರ ಆಗಿದೆಯಾ ಅಂತ. ಅಕ್ಟೋಬರ್ ಹತ್ತರೊಳಗೆ ಉತ್ತರ ಕೊಡ್ಬೇಕು. ಆಮೇಲೆ ಎಲ್ಲಾ ಬಾಗಿಲೂ ಒಟ್ಟಿಗೆ ಮುಚ್ಚಿಬಿಡುತ್ತೆ.”

ಮಧ್ಯಾಹ್ನದ ಹೊತ್ತಿಗೆ ಎಫ್‌ಐಆರ್ ದಾಖಲಾಯಿತು. ವಂಚನೆ, ನಕಲಿ ದಾಖಲೆ ಸೃಷ್ಟಿ. ಆರೋಪಿ: ಅಪರಿಚಿತ ಗಂಡ. ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್ ಮಾದುಗೆ ನಗು ಬಂತು, ಸಾಹೇಬರ ಮುಖ ನೋಡಿ ಅದನ್ನು ನುಂಗಿಕೊಂಡ.

ಆಮೇಲೆ ಶುರುವಾಯಿತು ಪತ್ರವ್ಯವಹಾರ. ವೀಸಾ ಕಚೇರಿಗೆ ಠಾಣೆಯಿಂದ ಮೇಲ್ ಹೋಯಿತು: ಆ ಗಂಡನ ಹೆಸರು ತಿಳಿಸಿ. ಉತ್ತರ ಬಂತು: ಅದು ಇನ್ನೊಬ್ಬ ವ್ಯಕ್ತಿಯ ಖಾಸಗಿ ಮಾಹಿತಿ, ಕೊಡಲಾಗದು, ಗಂಡನಲ್ಲ ಎನ್ನುವುದಾದರೆ ದೂರುದಾರರು ಪೊಲೀಸ್ ತನಿಖೆಯ ದಾಖಲೆ ಸಲ್ಲಿಸಬಹುದು. ತನಿಖೆಗೆ ಹೆಸರು ಬೇಕು, ಹೆಸರಿಗೆ ತನಿಖೆ ಬೇಕು. ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ. ಮಹಾದೇವಸ್ವಾಮಿ ಆ ಇಂಗ್ಲಿಷ್ ಉತ್ತರವನ್ನು ಓದಿ ಓದಿ ತಲೆ ಚಚ್ಚಿಕೊಂಡರು. ಬೈಯೋಣವೆಂದರೆ ಎದುರಿಗೆ ಮನುಷ್ಯರಿಲ್ಲ, ಬರೀ ನಯವಾದ ವಾಕ್ಯಗಳು.

ಸಾಲದ್ದಕ್ಕೆ ದಸರಾ ಬಂತು. ಠಾಣೆಯ ಅರ್ಧ ಜನ ಮೈಸೂರಿನ ಬಂದೋಬಸ್ತಿಗೆ, ಇನ್‌ಸ್ಪೆಕ್ಟರೂ ಅಲ್ಲಿಗೇ. ಜಂಬೂಸವಾರಿಯ ದಿನ ಬಿದಿರು ಕಟ್ಟಿದ ಬೇಲಿಯ ಪಕ್ಕ ನಿಂತು ಜನರನ್ನು ಹಿಂದಕ್ಕೆ ತಳ್ಳುತ್ತಿದ್ದಾಗಲೂ ಅವರ ತಲೆಯಲ್ಲಿ ಹತ್ತನೇ ತಾರೀಕು ಓಡುತ್ತಿತ್ತು. ಅಷ್ಟೂ ದಿನ ಪವಿತ್ರಾ ದಿನಕ್ಕೊಂದು ಸಲ ಫೋನ್ ಮಾಡಿದಳು. ಅವರು ದಿನಕ್ಕೊಂದು ಸಲ “ದಸರಾ ಮುಗೀಲಿ ತಾಯಿ” ಎಂದರು. ಹೇಳುವಾಗ ಅವರಿಗೇ ನಾಚಿಕೆಯಾಗುತ್ತಿತ್ತು.

ಅಕ್ಟೋಬರ್ 3, ಶುಕ್ರವಾರ. ಅವರು ಠಾಣೆಗೆ ಮರಳುವ ಮುಂಚೆಯೇ ಪವಿತ್ರಾ ಬಂದು ಕೂತಿದ್ದಳು. ತನ್ನ ಹೆಸರಿನಲ್ಲಿರುವ ಹಳೆಯ ಅರ್ಜಿಯ ನಕಲು ಕೊಡಿ ಎಂದು ಅವಳು ಆ ದೇಶಕ್ಕೆ ಬರೆದಿದ್ದಳು. ಸ್ವಂತ ಕಡತ ಕೇಳಲು ಅಲ್ಲಿ ಹಕ್ಕುಂಟು. ಅದು ಹಿಂದಿನ ರಾತ್ರಿ ಬಂದಿತ್ತು. ಅವಳ ಪಾಸ್‌ಪೋರ್ಟ್, ನರ್ಸಿಂಗ್ ಸರ್ಟಿಫಿಕೇಟ್, ಎಂದೂ ಕಂಡಿರದ ಒಂದು ಮದುವೆ ನೋಂದಣಿ ಪತ್ರ, ಕೊನೆಗೊಂದು ಮದುವೆಯ ಫೋಟೋ. ಗಂಡನ ಹೆಸರಿದ್ದ ಜಾಗಕ್ಕೆಲ್ಲ ಮಸಿ ಬಳಿದಿದ್ದರು. ಫೋಟೋದಲ್ಲಿ ಅವನ ಮುಖದ ಮೇಲೆ ಒಂದು ಕಪ್ಪು ಚೌಕ.

“ಮುಖ ನಂದೇ ಸರ್,” ಎಂದಳು ಪವಿತ್ರಾ. “ಕಂಪ್ಯೂಟರ್‌ನಲ್ಲಿ ಅಂಟಿಸಿರ್ಬೇಕು. ರಾತ್ರಿಯೆಲ್ಲಾ ಈ ಚೌಕಾನೇ ನೋಡಿದೀನಿ. ಯಾರು ಅಂತ ಗೊತ್ತಾಗ್ತಿಲ್ಲ.”

ಮಹಾದೇವಸ್ವಾಮಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಣ್ಣವಿಲ್ಲದ ಮಬ್ಬು ನಕಲು. ಪೇಟ, ಬಾಸಿಂಗ, ಕೊರಳ ತುಂಬ ಹಾರ ಹಾಕಿಕೊಂಡ ತಲೆಯಿಲ್ಲದ ಮದುವೆ ಗಂಡು. ಪಕ್ಕದಲ್ಲಿ ರೇಷ್ಮೆ ಸೀರೆಯ ಪವಿತ್ರಾ. ಅವರು ಮತ್ತೆ ಮತ್ತೆ ನೋಡಿದರು. ಏನೋ ಸರಿಯಿಲ್ಲ ಎನ್ನಿಸಿತು, ಏನೆಂದು ಹೊಳೆಯದೆ ಸಿಟ್ಟು ಬಂತು.

“ಗಂಡಿಗೆ ಬಾಸಿಂಗ ಇದೆ. ನಿನಗೆಲ್ಲಮ್ಮ? ಹಾರ ಎಲ್ಲಿ?”

ಮಹಿಳಾ ಕಾನ್‌ಸ್ಟೇಬಲ್ ಭಾನುಪ್ರಿಯಾ ಬಗ್ಗಿ ನೋಡಿದಳು. “ಸರ್, ಇಲ್ಲಿ ಕೆಳಗಡೆ ಅಂಚಲ್ಲಿ ನೋಡಿ. ತೆಂಗಿನಕಾಯಿ ಜುಟ್ಟು ಅಲ್ವಾ? ಸುತ್ತ ವೀಳ್ಯದೆಲೆ.”

“ಕಳಸ!” ಎಂದರು ಮಹಾದೇವಸ್ವಾಮಿ. “ಮದುವೆ ಹೆಣ್ಣು ಯಾಕಮ್ಮ ಕಳಸ ಹಿಡ್ಕೋತಾಳೆ? ಗಂಡುಹೆಣ್ಣಿನ ಪಕ್ಕದಲ್ಲಿ ನಿಲ್ಲೋ ಕಳಸಗಿತ್ತಿ ತಾನೇ ಹಿಡ್ಕೊಳ್ಳೋದು? ಇವನ ಕೈ ನೋಡು. ಕಿರುಬೆರಳು ಫೋಟೋದಿಂದ ಆಚೆಗೆ ಚಾಚಿದೆ. ಆ ಕಡೆ ಇನ್ನೊಬ್ಬಳು ಇದ್ದಾಳೆ. ಅವಳನ್ನ ಕತ್ತರಿಸಿ ಬಿಸಾಕಿದ್ದಾರೆ.”

ದೂರದ ದೇಶದ ಅಧಿಕಾರಿಗೆ ಕಳಸವೂ ಒಂದೇ, ಹೂಕುಂಡವೂ ಒಂದೇ. ಆ ಧೈರ್ಯದ ಮೇಲೆಯೇ ಯಾರೋ ಇದನ್ನು ಕಳಿಸಿದ್ದರು.

“ಎಷ್ಟು ಮದುವೇಲಿ ಕಳಸ ಹಿಡಿದಿದ್ದೀಯ?”

“ಮೂರು ಸರ್. ಎರಡು ಮೈಸೂರಿನ ಛತ್ರದಲ್ಲಿ. ಇನ್ನೊಂದು...”

ಅವಳು ಮತ್ತೆ ಫೋಟೋ ನೋಡಿದಳು. ಹಿಂದೆ ಕಾಣುತ್ತಿದ್ದುದು ಛತ್ರದ ಪ್ಲಾಸ್ಟಿಕ್ ಹೂವಲ್ಲ, ತೆಂಗಿನ ಗರಿಯ ಚಪ್ಪರ. ಕೊರೋನಾ ಕಾಲದಲ್ಲಿ ಛತ್ರಗಳೆಲ್ಲ ಮುಚ್ಚಿದ್ದಾಗ ಮನೆಯ ಮುಂದೆಯೇ ನಡೆದ ಮದುವೆ. ಪವಿತ್ರಾ ಕಾಗದವನ್ನು ಮೇಜಿನ ಮೇಲೆ ಬೋರಲು ಇಟ್ಟಳು.

“ಸಿಂಧು,” ಎಂದಳು. “ನನ್ನ ಚಿಕ್ಕಮ್ಮನ ಮಗಳು. ಹೆಮ್ಮಿಗೆಗೆ ಕೊಟ್ಟಿರೋದು. ಗಂಡ ಹೇಮಂತ್. ನನ್ನ ಪಾಸ್‌ಪೋರ್ಟು, ಸರ್ಟಿಫಿಕೇಟು ಎಲ್ಲಾ ಫೋಟೋ ತೆಗೆದು ಅವಳ ಫೋನಿಗೇ ಕಳಿಸಿಟ್ಟಿದ್ದೆ ಸರ್. ನಂದು ಕಳೆದುಹೋದ್ರೆ ಅವಳ ಹತ್ರ ಇರಲಿ ಅಂತ.”

ಮರುದಿನ ಶನಿವಾರ ಬೆಳಿಗ್ಗೆ ಹೇಮಂತ್ ಬನ್ನೂರಿನಲ್ಲಿ ಸಿಕ್ಕಿದ. ಹಾಲಿನ ವ್ಯಾನು ಓಡಿಸುತ್ತಿದ್ದ. ಪೊಲೀಸ್ ಜೀಪು ಕಂಡು ವ್ಯಾನಿನಿಂದ ಇಳಿಯುವಾಗ ಖಾಲಿ ಕ್ಯಾನಿಗೆ ಕಾಲು ತಗುಲಿ ಬೀಳುವಂತಾದ.

“ವಿದೇಶಕ್ಕೆ ಅರ್ಜಿ ಹಾಕಿದ್ಯಾ?”

“ಆಕಿದ್ದೆ ಸಾ. ಎರಡು ವರ್ಸ ಆಯ್ತು. ನ್ಯೂಜಿಲೆಂಡ್‌ನಾಗೆ ದೊಡ್ಡ ದೊಡ್ಡ ಡೈರಿ ಅವೆ ಅಂದ್ರು.”

“ಯಾರ ಹತ್ರ?”

“ನರಸೀಪುರದ ಮದನ್ ಅಂತ. ವೀಸಾ ಆಫೀಸು.”

“ಅರ್ಜೀಲಿ ಹೆಂಡ್ತಿ ಅಂತ ಯಾರ ಹೆಸರು ಕೊಟ್ಟೆ?”

ಹೇಮಂತ್ ಕಕ್ಕಾಬಿಕ್ಕಿಯಾದ. “ಸಿಂಧೂದು. ಇನ್ಯಾರ್ದು ಕೊಡ್ಲಿ ಸಾ? ಅವ್ಳೇ ಓಡಾಡಿದ್ದು. ಸೈನ್ ಆಕಿ ಅಂದ ಕಡೆ ಆಕ್ದೆ. ಎಲ್ಲಾ ಇಂಗ್ಲೀಸಲ್ಲಿತ್ತು.”

ಮಹಾದೇವಸ್ವಾಮಿಯವರಿಗೆ ಅವನ ಕಪಾಳಕ್ಕೆ ಬಿಗಿಯಬೇಕೆನ್ನಿಸಿತು. ತಿಳಿದೂ ಸುಳ್ಳು ಹೇಳುವವನನ್ನು ಬಗ್ಗಿಸಬಹುದು, ಏನೂ ತಿಳಿಯದೆ ಸಹಿ ಹಾಕುವವನನ್ನು ಏನು ಮಾಡುವುದು? ಅವನಿಗೆ ನೋಟಿಸು ಕೊಟ್ಟು, ಫೋನು ವಶಪಡಿಸಿಕೊಂಡು ಮುಂದೆ ಹೋದರು.

ತಿರುಮಕೂಡಲು ನರಸೀಪುರದ ಬಸ್ ನಿಲ್ದಾಣದ ಹತ್ತಿರ, ಬೇಕರಿಯ ಮಹಡಿಯ ಮೇಲೆ ‘ಸಂಗಮ ವೀಸಾ ಸಲಹಾ ಕೇಂದ್ರ’. ಸಾಹೇಬರು ಕೆಳಗೆ ಟೀ ಕುಡಿಯುತ್ತ ನಿಂತರು. ಮಾದು ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿ, ಮಗನನ್ನು ಹೊರದೇಶಕ್ಕೆ ಕಳಿಸುವ ಅಪ್ಪನಾಗಿ ಮೆಟ್ಟಿಲು ಹತ್ತಿದ. ಮದನ್ ಮೂವತ್ತೈದರ ಚುರುಕು ಮನುಷ್ಯ, ಗೋಡೆಯ ತುಂಬ ಬಾವುಟಗಳು.

“ನೋಡಿ ಯಜಮಾನ್ರೇ, ವಿಸಿಟರ್ ವೀಸಾದಲ್ಲಿ ಹೋದ್ರೆ ನೋಡ್ಕೊಂಡು ಬರ್ಬೇಕು, ಕೆಲಸ ಮಾಡಂಗಿಲ್ಲ. ಸ್ಟೂಡೆಂಟ್ ವೀಸಾ ಅಂದ್ರೆ ಓದ್ಬೇಕು. ವರ್ಕ್ ವೀಸಾಗೆ ಅಲ್ಲಿಂದ ಯಾರಾದ್ರೂ ಕರೀಬೇಕು. ನಿಮ್ಮ ಮಗ ಏನ್ ಓದಿದಾನೆ?”

“ಎಸ್ಸೆಲ್ಸಿ. ಎರಡ್ಸಲ.”

“ಸೊಸೆ?”

“ಅಂಗನವಾಡಿ ಟೀಚರು.”

“ಛೆ, ನರ್ಸ್ ಆಗಿದ್ರೆ ಬಾಗಿಲು ತೆಗೆದಂಗೇ. ಹೆಂಡ್ತಿಗೆ ಕೆಲಸದ ವೀಸಾ, ಅವಳ ಹಿಂದೆ ಗಂಡನಿಗೂ ವೀಸಾ.” ಮದನ್ ದನಿ ತಗ್ಗಿಸಿದ. “ನಿಮ್ಮ ನೆಂಟರಲ್ಲಿ ಯಾರಾದ್ರೂ ನರ್ಸ್ ಹುಡುಗಿ ಇದ್ದಾಳಾ?”

“ಅವ್ಳೆ. ಅವ್ಳ ಕಾಗ್ದ ಸಿಕ್ರೆ ಸಾಕಾ? ಕಳಸಗಿತ್ತಿ ಪೋಟೋನೂ ಬೇಕಾ?”

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮದನ್‌ನ ಕೈ ತಾನಾಗಿಯೇ ಕಂಪ್ಯೂಟರಿನ ಕಡೆ ಹೋಯಿತು. ಅಷ್ಟರಲ್ಲಿ ಮಹಾದೇವಸ್ವಾಮಿ ಸಾಕ್ಷಿಗೆಂದು ಪಂಚರಿಬ್ಬರನ್ನು ಕರೆದುಕೊಂಡು ಮೇಲೆ ಬಂದಿದ್ದರು. ಕಂಪ್ಯೂಟರ್, ನಕಲಿ ಮೊಹರು, ಹೇಮಂತ್‌ನ ಅರ್ಜಿ ಎಲ್ಲವನ್ನೂ ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಸಂಜೆ ನಾಲ್ಕೂವರೆಗೆ ಮದನ್‌ನ ಬಂಧನವಾಯಿತು.

“ಪವಿತ್ರಾ ಕಡೆಯಿಂದ ಅರ್ಜಿ ಹಾಕಿದ್ರೆ ಅವಳಿಲ್ದೆ ಹೇಮಂತ್ ಹೆಂಗೋ ಹೋಗ್ತಿದ್ದ?” ಎಂದು ಜೀಪಿನಲ್ಲಿ ಕೇಳಿದರು.

“ಇಬ್ಬರಿಗೂ ವೀಸಾ ಬಂದ್ರೆ ವಿಮಾನ ಯಾರು ಹತ್ತಿದ್ರು ಅಂತ ಯಾರ್ ನೋಡ್ತಾರೆ ಅಂದ್ಕೊಂಡಿದ್ದೆ ಸರ್. ಆ ನರ್ಸ್ ಅಲ್ಲಿನ ಪರೀಕ್ಷೆ ಪಾಸಾಗಿಲ್ಲ ಅಂತ ಅರ್ಜಿ ಆಗ ವಾಪಸ್ ಬಂತು. ಮುಗೀತು ಅಂತ ಬಿಟ್ಟೆ.”

“ಮದುವೆ ಹೆಣ್ಣನ್ನೇ ಕತ್ತರಿಸಿ ಹಾಕಿದೆಯಲ್ಲೋ, ನಿನಗೆ ಮನಸ್ಸು ಹೆಂಗ್ ಬಂತು?”

“ಫೋಟೋ ಕತ್ತರಿಸಿದ್ದು ನಾನಲ್ಲ ಸರ್. ಕತ್ತರಿಸಿದ್ದೇ ಬಂತು. ಹೇಮಂತ್ ಹೆಂಡ್ತೀನೇ ಕಳಿಸಿದ್ದು.”

ಕೇಸು ಮುಗಿಯುತ್ತ ಬಂದಿತ್ತು, ಆದರೆ ಮಹಾದೇವಸ್ವಾಮಿಯವರಿಗೆ ಬಾಯಿ ಕಹಿಯಾಯಿತು.

ಭಾನುವಾರ ಠಾಣೆಗೆ ಬಂದವರು ಪವಿತ್ರಾಳ ಅಪ್ಪ ಪುಟ್ಟರಾಜು. ಮಗಳೂ ಜೊತೆಗಿದ್ದಳು, ಆದರೆ ದೂರದ ಬೆಂಚಿನಲ್ಲಿ ಕೂತಳು.

“ಸಾ, ಆ ಮದನ್‌ನ ಏನಾರ ಮಾಡ್ಕಳಿ. ಸಿಂಧು ನಮ್ ನಾದಿನಿ ಮಗಳು. ಮನೆ ಮಾತು ಬೀದಿಗ್ ಬರೋದ್ ಬ್ಯಾಡ. ಅವ್ಳ ಎಸ್ರು ಬಿಟ್ಬುಡಿ.”

ಬಿಟ್ಟುಬಿಡಲು ಮಹಾದೇವಸ್ವಾಮಿಯವರಿಗೂ ಮನಸ್ಸಿತ್ತು. ಆದರೆ ಪವಿತ್ರಾ ಮದುವೆ ಹೆಣ್ಣಲ್ಲ ಎಂದು ತೋರಿಸಬೇಕಾದರೆ ನಿಜವಾದ ಮದುವೆ ಹೆಣ್ಣನ್ನು ತೋರಿಸಬೇಕು. ಪೂರ್ತಿ ಫೋಟೋ ಬೇಕು, ಅದನ್ನು ಕತ್ತರಿಸಿದವಳ ಹೇಳಿಕೆ ಬೇಕು. ಅಕ್ಕನನ್ನು ಬಿಡಿಸುವ ಕಾಗದವೇ ತಂಗಿಯನ್ನು ಹಿಡಿಯುವ ಕಾಗದ. ಇದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಪುಟ್ಟರಾಜು ಮಗಳ ಕಡೆ ತಿರುಗಿದರು. “ನೀನಾದ್ರೂ ಏಳವ್ವಾ. ಒಂದ್ ದೇಸ ಓದ್ರೆ ಓಯ್ತು.”

“ಒಂದು ದೇಶ ಅಲ್ಲ ಅಪ್ಪಾ,” ಎಂದಳು ಪವಿತ್ರಾ. ಕಣ್ಣು ತುಂಬಿತ್ತು, ಧ್ವನಿ ಗಟ್ಟಿಯಿತ್ತು. “ಅವಳ ಮದುವೇಲಿ ನಾನು ಕಳಸ ಹಿಡಿದೆ. ಅವಳು ನನಗೇ ಗೊತ್ತಿಲ್ದಂಗೆ ನನ್ನ ಮದುವೇನೇ ಮುಗಿಸಿಬಿಟ್ಟವ್ಳೆ. ಕೇಳಿದ್ದಿದ್ರೆ ಹೇಮಂತ್‌ಗೆ ನಾನೇ ದಾರಿ ಹುಡುಕಿ ಕೊಡ್ತಿದ್ದೆ. ಸರ್, ನೀವು ಬರೀರಿ.”

ಅಕ್ಟೋಬರ್ 6, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಹೆಮ್ಮಿಗೆಯ ಮನೆಯ ಜಗಲಿಯಲ್ಲಿ ಸಿಂಧುವಿನ ಅತ್ತೆ ವೆಂಕಟಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಪೊಲೀಸರನ್ನು ಕಂಡು ಎದ್ದವರೇ, “ನನ್ ಮಗ ಏನೂ ಮಾಡಿಲ್ಲ ಕಣ್ರಪ್ಪಾ” ಎಂದು ಬಾಗಿಲಿಗೆ ಅಡ್ಡ ನಿಂತರು.

“ನಿಮ್ಮ ಮಗನಿಗಲ್ಲಮ್ಮ ಬಂದಿರೋದು,” ಎಂದಳು ಭಾನುಪ್ರಿಯಾ.

ಸಿಂಧು ಒಳಗಿಂದ ಬಂದಳು. ಸಣ್ಣಗಿನ ಹೆಂಗಸು, ಇಪ್ಪತ್ತಾರರ ವಯಸ್ಸು. ಕೇಳುವ ಮುಂಚೆಯೇ ಬೀರುವಿನಿಂದ ಆಲ್ಬಮ್ ತಂದು ಮಹಾದೇವಸ್ವಾಮಿಯವರ ಕೈಗೆ ಕೊಟ್ಟಳು. ಮದನ್‌ನ ಬಂಧನದ ಸುದ್ದಿ ಊರಿಗೆಲ್ಲ ತಲುಪಿತ್ತು. ಎರಡು ದಿನದಿಂದ ಅವಳು ಕಾದೇ ಕೂತಂತಿತ್ತು.

“ನೀನೇ ಕತ್ತರಿಸಿದ್ದಾ?”

“ಊಂ ಸಾ. ಪೋನಿನಾಗೆ. ಬೆರಳಲ್ಲಿ ಅಂಚು ಎಳೆದೆ, ನಾನು ಕಾಣ್ದಂಗಾದೆ.”

“ಯಾಕೆ?”

ಸಿಂಧು ಜಗಲಿಯ ಕಡೆ ನೋಡಿದಳು. ಅತ್ತೆಗೆ ಕೇಳಿಸಲಿ ಎಂದೋ, ಕೇಳಿಸಿದರೂ ಚಿಂತೆಯಿಲ್ಲ ಎಂದೋ, ದನಿ ತಗ್ಗಿಸಲಿಲ್ಲ.

“ಇವ್ರು ಮೊದ್ಲು ನೋಡಕ್ ಬಂದಿದ್ದು ಅಕ್ಕನ್ನ ಸಾ. ಅಕ್ಕ ನಾನು ಪಾರಿನ್‌ಗೆ ಓಯ್ತೀನಿ, ಒಲ್ಲೆ ಅಂದ್ಲು. ಅದ್ಕೆ ನಾನು ಬಂದೆ. ಬಂದ ದಿನದಿಂದ ಆಲು ಕೆಟ್ರೂ ಅತ್ತೇದು ಅದೇ ಮಾತು, ಸಾರಿಗೆ ಉಪ್ಪು ಜಾಸ್ತಿ ಆದ್ರೂ ಅದೇ ಮಾತು. ನರ್ಸು ಸೊಸೆ ಬಂದಿದ್ರೆ ನನ್ ಮಗ ಇಷ್ಟೊತ್ಗೆ ವಿಮಾನ ಅತ್ತಿರೋನು, ಈ ಪೀಡೆ ಕಟ್ಕೊಂಡು ಆಲಿನ ವ್ಯಾನು ಓಡಿಸ್ತಾವ್ನೆ ಅಂತ. ಮದನ್‌ನೂ ಅದ್ನೇ ಅಂದ, ನರ್ಸ್ ಆಗಿದ್ರೆ ಆಗ್ತಿತ್ತು ಅಂತ. ಸರಿ, ನರ್ಸೇ ಆಗ್ಲಿ ಅಂದ್ಕೊಂಡೆ. ಅವ್ರಿಗೆ ಬೇಕಾಗಿದ್ ಸೊಸೇನ ಕಾಗ್ದದಲ್ಲಿ ಕೊಟ್ಟೆ.”

“ಅಕ್ಕನ ಬಾಳು ಏನಾಗುತ್ತೆ ಅಂತ ಯೋಚನೆ ಮಾಡ್ಲಿಲ್ವಾ?”

“ಅಕ್ಕನಿಗೆ ಕೆಟ್ಟದ್ದು ಏನಾದ್ರೂ ಆಯ್ತದೆ ಅಂತ ಯಾವತ್ತೂ ಅನ್ಸಿರ್ಲಿಲ್ಲ ಸಾ,” ಎಂದಳು. ಆಗ ಅತ್ತಳು, ಸದ್ದಿಲ್ಲದೆ. “ನನಗೇ ಒಳ್ಳೇದು ಅಂತ ಏನೂ ಆಯ್ತಿರ್ಲಿಲ್ಲ, ಅಷ್ಟೇ ಗೊತ್ತಿತ್ತು.”

ಮಹಾದೇವಸ್ವಾಮಿಯವರಿಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ತಿಂಗಳಿಂದ ಕಪ್ಪು ಚೌಕದ ಹಿಂದಿನ ಖದೀಮನೊಬ್ಬನನ್ನು ಬೈದುಕೊಂಡು ಓಡಾಡಿದ್ದರು. ಸಿಕ್ಕಿದ್ದು ಇದು. ಅವರು ಮಾದುಗೆ ಪಂಚನಾಮೆ ಶುರುಮಾಡಲು ಹೇಳಿದರು. ವಶಪಡಿಸಿಕೊಂಡ ಫೋಟೋದಲ್ಲಿ ಇರುವವರು ಯಾರು ಯಾರು ಎಂದು ಪಂಚರೆದುರು ಗುರುತಿಸಿ ಬರೆಯಬೇಕು.

ಪೂರ್ತಿ ಫೋಟೋ ಬಣ್ಣಬಣ್ಣವಾಗಿತ್ತು. ಹೇಮಂತ್‌ನ ಕಿರುಬೆರಳಿಗೆ ಹಸಿರು ಬಳೆ ತೊಟ್ಟ ಕೈಯ ಕಿರುಬೆರಳು ಸೇರಿಕೊಂಡಿತ್ತು. ಬಾಸಿಂಗ ಕಟ್ಟಿ, ಹಾರ ಹಾಕಿಕೊಂಡ ಸಿಂಧು ಹಲ್ಲು ಕಾಣುವಂತೆ ನಗುತ್ತಿದ್ದಳು.

“ಎಡಗಡೆ?” ಎಂದ ಮಾದು.

“ಕಳಸಗಿತ್ತಿ. ಪವಿತ್ರಕ್ಕ.”

“ಮಧ್ಯದಲ್ಲಿ?”

“ಯಜಮಾನ್ರು.”

“ಬಲಗಡೆ?”

ಸಿಂಧು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಳು. ಮಾದು ಇನ್ನೊಂದು ಸಲ ಕೇಳಿದ. ಪಂಚರು ಮುಖ ಮುಖ ನೋಡಿಕೊಂಡರು.

“ಬಾಯಿ ಬುಡಕ್ಕಾಗಲ್ವಾ ನಿಂಗೆ?” ಬಾಗಿಲಲ್ಲಿ ನಿಂತಿದ್ದ ವೆಂಕಟಮ್ಮ ರೇಗಿದರು. ಅವರ ಮಡಿಲಿನಿಂದ ಅವರೆಕಾಳು ನೆಲಕ್ಕೆ ಚೆಲ್ಲಿತ್ತು, ಧ್ವನಿ ಒಡೆದಿತ್ತು. “ನಮ್ಮನೆ ಸೊಸೆ ಅಂತ ಏಳು. ಬರ್ಕಳಪ್ಪಾ, ನಮ್ಮನೆ ಸೊಸೆ.”

ಮಾದು ಸಾಹೇಬರ ಮುಖ ನೋಡಿದ. ಸಾಹೇಬರು ತಲೆಯಾಡಿಸಿದರು. ಸಿಂಧು ಸಹಿ ಹಾಕಿದಳು. ಹನ್ನೊಂದೂವರೆಗೆ ಭಾನುಪ್ರಿಯಾ ಅವಳನ್ನು ಬಂಧಿಸಿದಳು.

ಸಂಜೆ ಪವಿತ್ರಾ ಠಾಣೆಗೆ ಬಂದು ಎಫ್‌ಐಆರ್ ಮತ್ತು ಪಂಚನಾಮೆಯ ನಕಲು ಪಡೆದಳು. ವೀಸಾ ಕಚೇರಿಗೆ ಅದರ ಇಂಗ್ಲಿಷ್ ಅನುವಾದ ಬೇಕಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಒಂದೊಂದೇ ಸಾಲು ಅನುವಾದಿಸತೊಡಗಿದಳು. ಎಡಗಡೆ, ಮಧ್ಯದಲ್ಲಿ. ಬಲಗಡೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ‘ಮದುವೆ ಹೆಣ್ಣು ಸಿಂಧು. ಇವಳು ನಮ್ಮ ಮನೆಯ ಸೊಸೆಯೆಂದು ಅತ್ತೆ ವೆಂಕಟಮ್ಮ ಗುರುತಿಸಿರುತ್ತಾರೆ.’

“ಇದನ್ನ ಅವರೇ ಹೇಳಿದ್ರಾ ಸರ್?”

“ಅವರೇ ಹೇಳಿದ್ದು.”

“ಸಿಂಧು ಅಲ್ಲೇ ಇದ್ಲಾ? ಅವಳಿಗೆ ಕೇಳಿಸ್ತಾ?”

“ಕೇಳಿಸ್ಕೊಂಡೇ ಸೈನ್ ಹಾಕಿದ್ದಮ್ಮ,” ಎಂದರು ಮಹಾದೇವಸ್ವಾಮಿ.

ಪವಿತ್ರಾ ಆ ಸಾಲನ್ನು ಬಿಡದೆ ಅನುವಾದಿಸಿದಳು. ಗಡುವಿಗೆ ಮೂರು ದಿನ ಮುಂಚೆ ಎಲ್ಲವನ್ನೂ ಕಳಿಸಿದಳು. ನವೆಂಬರ್ ಕೊನೆಯಲ್ಲಿ, ಆಕ್ಷೇಪಣೆ ಹಿಂತೆಗೆದುಕೊಳ್ಳಲಾಗಿದೆ ಎಂಬ ನಯವಾದ ಉತ್ತರ ಬಂತು. ವೀಸಾ ಬಂದು ನ್ಯೂಜಿಲೆಂಡ್‌ಗೆ ಹೊರಡುವ ಮುನ್ನ ಅವಳು ಠಾಣೆಗೆ ಸಿಹಿ ಹಂಚಲು ಬರಲಿಲ್ಲ. ಜಾಮೀನಿನ ಮೇಲೆ ಹೊರಗಿದ್ದ ತಂಗಿಯನ್ನು ನೋಡಲು ಹೆಮ್ಮಿಗೆಗೆ ಹೋದಳಂತೆ. ಸಿಂಧು ಹೊರಗೆ ಬರಲಿಲ್ಲ. ವೆಂಕಟಮ್ಮ ಬಾಗಿಲಿಗೆ ಬಂದು, “ನಮ್ ಸೊಸೆಗೆ ಹುಷಾರಿಲ್ಲ ಕಣವ್ವಾ, ಇನ್ನೊಂದ್ ದಿನ ಬಾ” ಎಂದರಂತೆ.